ಒದ್ದೆ ಸೀರೆಯ ಸುಗುಣಮ್ಮ

ಚಳಿಗಾಲದ ಬೆಳಗ್ಗೆ ರಾಜಾಜಿನಗರದ ನಮ್ಮ ಬೀದಿಯಲ್ಲಿ ಸುಗುಣಮ್ಮ ಒದ್ದೆ ಸೀರೆಯಲ್ಲಿ ನಡೆದು ಬರುತ್ತಿದ್ದರು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಭುಜ ನಡುಗುತ್ತಿತ್ತು, ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿರುತ್ತಿತ್ತು. ಮಡಿಯಲ್ಲಿರುವಾಗ ಮಾತಾಡಿದರೆ ಮೈಲಿಗೆಯಾಗುತ್ತದೆ ಎಂದು ಅವರಿಗೆ ಯಾರೋ ಹೇಳಿಬಿಟ್ಟಿದ್ದರು. ಹಾಲಿನವನು "ಏನಮ್ಮಾ, ಚೆನ್ನಾಗಿದೀರಾ?" ಎಂದರೆ ಕಣ್ಣಲ್ಲೇ ಹೂಂ ಎನ್ನುತ್ತಿದ್ದರು. ಇಷ್ಟೆಲ್ಲ ಮಡಿ ಮಾಡುತ್ತಿದ್ದ ಸುಗುಣಮ್ಮ ಕ್ರಿಶ್ಚಿಯನ್.

ಪಕ್ಕದ ಮನೆಯ ಹಿಂದಿದ್ದ ಔಟ್‌ಹೌಸಿನಲ್ಲಿ ಅವರು ಒಬ್ಬರೇ ಇದ್ದರು. ಶಾಲೆಯೊಂದರಲ್ಲಿ ಹೊಲಿಗೆ ಟೀಚರು. ದಪ್ಪ ಗಾಜಿನ ಕನ್ನಡಕ, ಅದಕ್ಕಿಂತ ದೊಡ್ಡ ನಗು. ಬೀದಿಯಲ್ಲಿ ಯಾರು ಹಾಸಿಗೆ ಹಿಡಿದರೂ ಕರೆಯದೆಯೇ ಹೋಗಿ ನಿಲ್ಲುತ್ತಿದ್ದರು. ಯಾಕೆ ಆಂಟಿ ಎಂದು ಕೇಳಿದರೆ, "ಯೇಸಪ್ಪ ಮಾಡು ಅಂದಿದಾನಲ್ಲ ಕಣೇ" ಎನ್ನುತ್ತಿದ್ದರು, ಪಕ್ಕದ ಮನೆಯವರು ಕೊತ್ತಂಬರಿ ತರಲು ಹೇಳಿದಷ್ಟೇ ಸಲೀಸಾಗಿ. "ನೋಡ್ತಾ ಇರು, ಒಂದಿನ ಯೇಸು ಪುಸ್ತಕ ಹಂಚ್ತಾಳೆ" ಎಂದು ನಮ್ಮಪ್ಪ ಕಾಯುತ್ತಿದ್ದರು. ಪುಸ್ತಕ ಬರಲೇ ಇಲ್ಲ. ಬರದಿದ್ದಕ್ಕೆ ಅವರ ಅನುಮಾನ ಇನ್ನೂ ಜಾಸ್ತಿಯಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನಾಗ ಕಾಲೇಜಿನಲ್ಲಿದ್ದೆ. ನಮ್ಮಜ್ಜಿ, ಅಪ್ಪನ ತಾಯಿ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಲಗಿ ಮಲಗಿ ಬೆನ್ನ ತುಂಬ ಹುಣ್ಣಾಯಿತು. ಅಜ್ಜಿಗೆ ಪ್ರಾಣಕ್ಕಿಂತ ಮಡಿ ದೊಡ್ಡದು. ಆಸ್ಪತ್ರೆಯಿಂದ ಬಂದ ನರ್ಸನ್ನು ಹತ್ತಿರ ಸೇರಿಸಲಿಲ್ಲ. ಅಮ್ಮನಿಗೆ ನಡುನೋವು, ಅಜ್ಜಿಯನ್ನು ಹೊರಳಿಸಲೂ ಆಗುತ್ತಿರಲಿಲ್ಲ. ಹುಣ್ಣು ಕೊಳೆತರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಹೋದ ದಿನ ಅಮ್ಮ ನಲ್ಲಿಯ ಹತ್ತಿರ ನಿಂತು ಅಳುತ್ತಿದ್ದಳು. ಸುಗುಣಮ್ಮ ಕಾಂಪೌಂಡಿನ ಆಚೆಯಿಂದ ಎಲ್ಲ ಕೇಳಿಸಿಕೊಂಡರು.

"ಮಡಿ ಅಂದ್ರೆ ಸ್ನಾನ ಮಾಡಿ ಒದ್ದೆ ಬಟ್ಟೇಲಿ ಬರೋದು ತಾನೆ? ಅದೇನು ಮಹಾ! ನಾನೇ ಬರ್ತೀನಿ ಬಿಡಿ" ಎಂದರು.

ಮಡಿ ಬರೀ ನೀರಿನಿಂದ ಬರುವಂಥದ್ದಲ್ಲ ಎಂದು ಹೇಳಲು ಅಮ್ಮ ಬಾಯಿ ತೆರೆದಳು. ಆ ಮುಖ ನೋಡಿಕೊಂಡು ಅದನ್ನು ಹೇಳುವುದು ಹೇಗೆ? ಹಾಗೇ ಮುಚ್ಚಿದಳು.

ಮರುದಿನ ಅಜ್ಜಿಯ ಪೊರೆ ಬಂದ ಕಣ್ಣಿಗೆ ಕಂಡದ್ದು ಒದ್ದೆ ಸೀರೆ ಮಾತ್ರ. "ಯಾರೇ ಅದು?" ಎಂದರು. "ಸುಗುಣ ಅಂತ, ಅಜ್ಜಿ" ಎಂದೆ ನಾನು. ಅಜ್ಜಿ ಮತ್ತೇನೂ ಕೇಳದೆ ಬೆನ್ನು ಒಡ್ಡಿದರು. ಸುಗುಣಮ್ಮನ ಕೈ ಹಗುರ. ಕೆಲವು ವಾರಗಳಲ್ಲಿ ಹುಣ್ಣು ಒಣಗತೊಡಗಿತು. ಅಪ್ಪನೂ ಸೇರಿದಂತೆ ಮನೆಯವರೆಲ್ಲ ಆ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡೆವು.

ಆದರೆ ಸುಗುಣಮ್ಮನ ಚರ್ಚಿನಲ್ಲಿ ಸುದ್ದಿಯಾಯಿತು. ಸಭೆಯ ಹಿರಿಯರೊಬ್ಬರು ಬಂದು, "ದೇವರ ಹೆಸರು ಮುಚ್ಚಿಟ್ಟು ಅವರ ಮಡಿ ಮಾಡ್ತಾ ಇದೀಯಲ್ಲಮ್ಮ, ಇದ್ಯಾವ ಸೇವೆ? ಇದರಲ್ಲಿ ಯೇಸುವಿಗೆ ಸಾಕ್ಷಿ ಎಲ್ಲಿದೆ?" ಎಂದು ಗದರಿಸಿ ಹೋದರಂತೆ. ಆ ಸಂಜೆ ಸುಗುಣಮ್ಮ ಹೊಲಿಗೆ ಮಿಷನ್ನಿನ ಮುಂದೆ ಸುಮ್ಮನೆ ಕೂತಿದ್ದರು. ಯೇಸು ತನ್ನ ಶಿಷ್ಯರ ಕಾಲು ತೊಳೆದ ಕಥೆಯನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದರು. ಅದನ್ನೇ ಹಿಡಿದುಕೊಂಡು ಒದ್ದಾಡುತ್ತಿದ್ದರು.

"ಕಾಲು ತೊಳೀರಿ ಅಂತ ಹೇಳಿದಾನೆ, ಸರಿ. ತೊಳೀವಾಗ ನನ್ನ ಹೆಸರು ಹೇಳಿ ಅಂದಿದಾನಾ, ಇಲ್ವಾ? ನಂಗೆ ತಲೇನೇ ಓಡ್ತಾ ಇಲ್ಲ ಕಣೇ. ಹೇಳಿದ್ರೆ ಅಜ್ಜಿ ಹುಣ್ಣು ಹೋಗಲ್ಲ, ಹೇಳ್ದೆ ಇದ್ರೆ ನಾನು ಕಳ್ಳಿ."

"ಹೇಳ್ಬೇಡಿ ಆಂಟಿ" ಎಂದೆ. ನನಗೆ ಅಜ್ಜಿ ಬದುಕಿದರೆ ಸಾಕಾಗಿತ್ತು.

ಅವರು ಹೇಳಿಯೇಬಿಟ್ಟರು. ಮರುದಿನ ಪಟ್ಟಿ ಕಟ್ಟಿ ಮುಗಿಸಿ, "ಅಜ್ಜಿ, ನಾನು ಕ್ರಿಶ್ಚಿಯನ್ನು. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಮನಸ್ಸು ತಡೀಲಿಲ್ಲ" ಎಂದರು. ಅಜ್ಜಿ ಕಣ್ಣು ಮುಚ್ಚಿಕೊಂಡರು. ಆಮೇಲೆ, "ನಾಳೆಯಿಂದ ಬರಬೇಡ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಜ್ಜಿಯ ಮೇಲೋ, ಆ ಹಿರಿಯರ ಮೇಲೋ, ಸುಳ್ಳು ಹೇಳಲು ಬಾರದ ಈ ಹೆಂಗಸಿನ ಮೇಲೋ, ಇವತ್ತಿಗೂ ಗೊತ್ತಿಲ್ಲ.

ಹುಣ್ಣು ಮತ್ತೆ ಕೀವಾಯಿತು. ಸುಗುಣಮ್ಮ ಒಣ ಸೀರೆಯಲ್ಲೇ ಬಂದು ಕಿಟಕಿಯ ಹೊರಗೆ ನಿಂತು, "ಮೆತ್ತಗೆ... ಎಳೀಬೇಡಿ, ನೆನೆಸಿ ತೆಗೀರಿ" ಎಂದು ಅಮ್ಮನಿಗೆ ಹೇಳಿಕೊಡುತ್ತಿದ್ದರು. ಅಜ್ಜಿ ಆ ಧ್ವನಿ ಕೇಳಿಯೂ ಕೇಳದ ಹಾಗೆ ಇರುತ್ತಿದ್ದರು. ಒಂದು ದಿನ ಅಮ್ಮ ನಡು ಹಿಡಿದು ಮಲಗಿಬಿಟ್ಟಳು. ನಾನು ಪಟ್ಟಿಗೆ ಕೈ ಹಾಕಿದ್ದೇ ತಡ, ಅಜ್ಜಿ ಚೀರಿದರು. ಚೀರಿದವರು ಕಿಟಕಿಯ ಕಡೆ ಮುಖ ಮಾಡಿ, "ಸುಗುಣಾ!" ಎಂದು ಕೂಗಿದರು.

"ನಾನು ಮಡೀಲಿಲ್ಲ ಅಜ್ಜಿ. ಓಡ್ಹೋಗಿ ಸ್ನಾನ ಮಾಡ್ಕೊಂಡು ಬಂದ್ಬಿಡ್ತೀನಿ."

"ಅಲ್ಲೀವರೆಗೂ ಯಾರೇ ತಡ್ಕೊಳ್ಳೋರು? ಬಾ!"

ಪಟ್ಟಿ ಕಟ್ಟಿಯಾಯಿತು. ನಾನು ಅತ್ತೇಬಿಟ್ಟೆ. ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಅಜ್ಜಿ, "ಮುಟ್ಟಿದ್ದಾಯ್ತು. ಈಗ ನಂಗೆ ಸ್ನಾನ ಆಗ್ಬೇಕು" ಎಂದು ಹಟ ಹಿಡಿದರು. ಮಾಡಿಸುವವರು ಯಾರು? ಸುಗುಣಮ್ಮನೇ ನೀರು ಕಾಯಿಸಿ, ಬಟ್ಟೆ ಅದ್ದಿ, ಹುಣ್ಣು ತಪ್ಪಿಸಿ ಮುಖ, ಕೈ, ಕಾಲು ಒರೆಸಿದರು. ಅವರು ಮುಟ್ಟಿದ ಮೈಲಿಗೆಯನ್ನು ಅವರೇ ತೊಳೆದರು. ಅಜ್ಜಿ ಶುದ್ಧವಾದೆ ಎಂಬ ಸಮಾಧಾನದಲ್ಲಿ ನಿದ್ದೆ ಹೋದರು. ಅಂದಿನಿಂದ ದಿನಾ ಇದೇ: ಮೊದಲು ಪಟ್ಟಿ, ಆಮೇಲೆ ಮೈಲಿಗೆ ಕಳೆಯುವ ಸ್ನಾನ, ಎರಡೂ ಸುಗುಣಮ್ಮನ ಕೈಯಲ್ಲೇ. ಇದು ಯಾವ ಶಾಸ್ತ್ರವೋ, ಯಾವ ಧರ್ಮವೋ ನನಗಂತೂ ಅರ್ಥವಾಗಲಿಲ್ಲ. ಅವರ ಚರ್ಚಿನವರಿಗೂ ಆಗಿರಲಾರದು.

"ನಿಮಗೆ ಅವಮಾನ ಅನ್ಸಲ್ವಾ ಆಂಟಿ?" ಎಂದು ಒಮ್ಮೆ ಸಿಟ್ಟಿನಿಂದಲೇ ಕೇಳಿದೆ.

"ಅನ್ಸುತ್ತೆ ಕಣೇ" ಎಂದರು, ಸ್ಟವ್ ಪಂಪ್ ಮಾಡುತ್ತ. "ಅನ್ಸಿದ್ರೂ ನೀರು ಕಾಯಿಸ್ಬೇಕಲ್ಲ."

ಅಜ್ಜಿ ಆ ಬೇಸಗೆ ದಾಟಲಿಲ್ಲ. ಕೊನೆಯ ಸಲ ಪಟ್ಟಿ ಕಟ್ಟಿದ ಮೇಲೆ ಸುಗುಣಮ್ಮ ಎಂದಿನಂತೆ ಬೋಗುಣಿ ತಂದಿಟ್ಟು ಬಟ್ಟೆ ಅದ್ದಿದರು. ಅಜ್ಜಿ ಕಣ್ಣು ತೆರೆಯದೆ, "ಇವತ್ತು ಬೇಡ" ಎಂದರು. ಸುಗುಣಮ್ಮ ಬಟ್ಟೆ ಹಿಡಿದುಕೊಂಡೇ ನಿಂತರು. "ಬೇಡ ಅಂದ್ನಲ್ಲ" ಎಂದು ಅಜ್ಜಿ ಮತ್ತೊಮ್ಮೆ ಹೇಳಿದರು. ಮರುದಿನ ಮಧ್ಯಾಹ್ನ ಹೋಗಿಬಿಟ್ಟರು. ನೆಂಟರೆಲ್ಲ ಸೇರಿದರು. ಸುಗುಣಮ್ಮ ಗೇಟಿನ ಹೊರಗೆ ನಿಂತೇ ಇದ್ದರು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ.

ಮುಂದೆ ಅವರು ಕೆಂಗೇರಿಗೆ ಮನೆ ಬದಲಾಯಿಸಿದರು. ಒಮ್ಮೆ ಹುಡುಕಿಕೊಂಡು ಹೋಗಿದ್ದೆ, ಅದೇ ಕೊನೆ. ಬಸ್ ಸ್ಟಾಪಿನವರೆಗೂ ಜೊತೆಗೆ ಬಂದರು. ಅಷ್ಟು ದಿನದಿಂದ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ. "ಅಜ್ಜಿ ಅವತ್ತು ಸ್ನಾನ ಬೇಡ ಅಂದ್ರಲ್ಲ ಆಂಟಿ, ಯಾಕಂತೀರಾ?"

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು.

"ಸುಸ್ತಾಗಿತ್ತು ಕಣೇ ಅವರಿಗೆ. ಅಷ್ಟೇ ಅಂತ ಅಂದ್ಕೊಂಡಿದೀನಿ. ಬೇರೆ ಏನಾದ್ರೂ ಅಂದ್ಕೊಂಡ್ರೆ ನಂಗೆ ಜಂಭ ಬಂದ್ಬಿಡುತ್ತೆ."