ಅವರೊಬ್ಬರಿಗೇ ಕಾಣುತ್ತಿದ್ದ ದೀಪ

ಆಗ ನಾನು ಕೆ.ಆರ್. ಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಇಂದಿರಾನಗರದಿಂದ ಬಸ್ಸಿನಲ್ಲಿ ಓಡಾಡಿ ಸಾಕಾಗಿ, ಶಿವಾಜಿನಗರದ ಬಟ್ಟೆ ವ್ಯಾಪಾರಿಯೊಬ್ಬರಿಂದ ಹಳೆಯ ಕಾರೊಂದನ್ನು ಕೊಂಡೆ. ತೀರಿಹೋದ ಅಣ್ಣನ ಕಾರು, ಮನೆಯಲ್ಲಿ ಓಡಿಸುವವರಿಲ್ಲ ಎಂದಷ್ಟೇ ಅವರು ಹೇಳಿದ್ದರು.

ಮೊದಲ ವಾರವೇ, ಕೆ.ಆರ್. ಪುರದ ರೈಲ್ವೆ ಸೇತುವೆಯ ಹತ್ತಿರ ಗಾಡಿಗಳ ಸಾಲಿನಲ್ಲಿ ತೆವಳುತ್ತಿದ್ದಾಗ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ದೀಪ ಕೆಂಪಗೆ ಹತ್ತಿತು. ಒಂದೆರಡು ಸಲ ಮಿನುಗಿ ಆರಿತು. ಎಂಜಿನ್ನಿಗೆ ಆಯಿಲ್ ಸರಿಯಾಗಿ ಹರಿಯದಿದ್ದರೆ ಹತ್ತುವ ದೀಪವದು. ಅಸಡ್ಡೆ ಮಾಡಿದರೆ ಎಂಜಿನ್ನೇ ಹೋಗುತ್ತದೆ. ಗಾಡಿಯನ್ನು ಬದಿಗೆ ಹಾಕಿ ಬಾನೆಟ್ ಎತ್ತಿ ನೋಡಿದೆ. ಆಯಿಲ್ ಇತ್ತು.

ಯಜಮಾನರನ್ನು ಕೂರಿಸಿಕೊಂಡು ಇಂದಿರಾನಗರವೆಲ್ಲ ಸುತ್ತಿದಾಗ ದೀಪ ಹತ್ತಲಿಲ್ಲ. ಹಲಸೂರಿನ ಮೆಕ್ಯಾನಿಕ್ ಓಡಿಸಿ ನೋಡಿದಾಗಲೂ ಹತ್ತಲಿಲ್ಲ. ಕಾಲೇಜಿನಿಂದ ಒಬ್ಬಳೇ ಬರುವಾಗ ಮಾತ್ರ ಮತ್ತೆ ಅದೇ ಕೆಂಪು.

"ನಿಂಗೆಲ್ಲೋ ಭ್ರಮೆ ಕಣೇ," ಎಂದು ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ.

ಮಾರಿದವರನ್ನೇ ಕೇಳೋಣವೆಂದು ಒಂದು ಸಂಜೆ ಶಿವಾಜಿನಗರಕ್ಕೆ ಹೋದೆ. ಅಂಗಡಿಯಲ್ಲಿ ವ್ಯಾಪಾರಿ ಇರಲಿಲ್ಲ. ಅವರ ಅತ್ತಿಗೆ, ಕಾರು ಓಡಿಸುತ್ತಿದ್ದವರ ಹೆಂಡತಿ, ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತ ಒಳಗಿನಿಂದ ಬಂದರು. ದೀಪದ ವಿಷಯ ಹೇಳುತ್ತಿದ್ದಂತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನಿಮಗೂ ಕಾಣ್ಸ್ತಾ ಮೇಡಂ?"

ಅವರ ಗಂಡ ಕೊನೆಯ ವರ್ಷವೆಲ್ಲ ಅದನ್ನೇ ಹೇಳುತ್ತಿದ್ದರಂತೆ. ಕೆ.ಆರ್. ಪುರದಾಚೆಯ ಗೋಡೌನಿಗೆ ಒಬ್ಬರೇ ಹೋಗಿಬರುವಾಗ ದೀಪ ಹತ್ತುತ್ತದೆ ಎಂದು. ಮನೆಯವರು ಜೊತೆಗೆ ಕೂತು ಒಂದು ಸುತ್ತು ಹೋಗಿಬಂದರೆ ಏನೂ ಇಲ್ಲ. ಮೊದಲೇ ನಿದ್ದೆಗೆಟ್ಟು ತಲೆಗೆ ಮಾತ್ರೆ ನುಂಗುತ್ತಿದ್ದ ಮನುಷ್ಯ; ಇದೂ ಅದರದ್ದೇ ಭ್ರಮೆ ಎಂದುಕೊಂಡರು. ಕೊನೆಗೆ ಮೈದುನ, ನನಗೆ ಕಾರು ಮಾರಿದ ವ್ಯಾಪಾರಿಯೇ, ಕಾರಿನ ಕೀ ಕಿತ್ತಿಟ್ಟುಕೊಂಡರು. ಆಮೇಲೆ ಗಂಡ ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ. ಒಂದು ಬೆಳಿಗ್ಗೆ ಎದೆನೋವು ಬಂದು ಹೋಗಿಬಿಟ್ಟರು.

"ನಂಗೆ ಒಂದ್ಸಲ ತೋರಿಸ್ತೀರಾ?" ಎಂದು ಕೇಳಿದರು.

ಶನಿವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಹಲಸೂರು ದಾಟಿ ಹಳೇ ಮದರಾಸು ರಸ್ತೆಗೆ ಬಿದ್ದರೂ ಅವರು ಹೊರಗೆ ನೋಡಲೇ ಇಲ್ಲ. ಕೆ.ಆರ್. ಪುರ ಮುಟ್ಟಿ ಹಿಂತಿರುಗುವಾಗ ಸೇತುವೆಯ ಬಳಿ ಸಾಲಿನಲ್ಲಿ ಸಿಕ್ಕಿಕೊಂಡೆವು. ದೀಪ ಹತ್ತಿತು.

"ಹೌ ಜೀ, ಹೌ," ಎಂದರು, ತಮ್ಮ ಮನೆಮಾತಿನಲ್ಲಿ, ಹೌದು ಎಂದು ಗಂಡನಿಗೆ ಓಗೊಡುವಂತೆ. ನನ್ನ ಕೈಯಡಿಯಿಂದ ಬೆರಳು ಚಾಚಿ ಗಾಜು ಮುಟ್ಟಿದರು. ದೀಪ ಆರಿದ ಮೇಲೂ ಬೆರಳು ತೆಗೆಯಲಿಲ್ಲ.

ಎಂಜಿನ್ ಬಿಸಿಯಿರುವಾಗಲೇ ನೇರ ಹಲಸೂರಿನ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಆ ದೀಪ ಹೊತ್ತಿಸುವ ಆಯಿಲ್ ಸ್ವಿಚ್ಚಿನಿಂದ ವೈರು ಬಿಡಿಸಿ, ದೀಪ ನೋಡುತ್ತಿರಿ ಎಂದು ಹೇಳಿ, ಅದನ್ನು ಉದ್ದಕ್ಕೂ ಅಲುಗಿಸುತ್ತ ಹೋದ. ಒಂದು ಕಡೆ ಅಲುಗಿಸಿದಾಗ ದೀಪ ಹತ್ತಿತು. ಅಲ್ಲಿ ವೈರಿನ ಮೇಲ್ಪದರ ಸವೆದು ತಾಮ್ರ ಕಾಣುತ್ತಿತ್ತು. ಎಂಜಿನ್ ಚೆನ್ನಾಗಿ ಕಾದು, ನಿಂತಲ್ಲೇ ನಡುಗುವಾಗ ತಾಮ್ರ ಕಬ್ಬಿಣಕ್ಕೆ ತಾಗಿ ದೀಪ ಹತ್ತುತ್ತಿತ್ತು. ಮನೆಯ ಸುತ್ತಮುತ್ತ ಓಡಿಸಿದರೆ ಅಷ್ಟು ಕಾಯುತ್ತಲೇ ಇರಲಿಲ್ಲ.

"ಎಂಜಿನ್ ಚೆನ್ನಾಗಿದೆ ಮೇಡಂ. ವೈರ್ ಶಾರ್ಟು, ಅಷ್ಟೇ," ಎಂದ.

ಹೊಸ ವೈರು ಹಾಕಿಸಿದ ಮೇಲೆ ದೀಪ ಮತ್ತೆಂದೂ ಹತ್ತಲಿಲ್ಲ. ಆದರೂ ಸೇತುವೆಯ ಬಳಿ ಗಾಡಿ ನಿಂತಾಗಲೆಲ್ಲ, ಇದೇ ಸ್ಟೀರಿಂಗ್ ಹಿಡಿದು ಕೂತಿದ್ದ, ನಾನು ಮುಖವನ್ನೇ ಕಾಣದ ಆ ಮನುಷ್ಯ ನೆನಪಾಗುತ್ತಿದ್ದರು. ನೋಡಿ, ಹತ್ತಿದೆ ಎಂದು ತೋರಿಸಲು ಪಕ್ಕದಲ್ಲಿ ಅವರಿಗೆ ಯಾರೂ ಇರಲಿಲ್ಲ.

ಕೆಲವು ತಿಂಗಳ ನಂತರ ರಸೆಲ್ ಮಾರ್ಕೆಟ್ಟಿನಲ್ಲಿ ಅವರ ಹೆಂಡತಿ ಸಿಕ್ಕರು. ಮೈದುನನಿಗೆ ವಿಷಯ ತಿಳಿಸಿದಿರಾ ಎಂದು ಕೇಳಿದೆ.

"ಹೇಳ್ದೆ. ಅವತ್ತು ಊಟಾನೇ ಮಾಡ್ಲಿಲ್ಲ." ಚೀಲ ಕೆಳಗಿಟ್ಟು ದನಿ ತಗ್ಗಿಸಿದರು. "ನಮ್ಮನೆಯವ್ರು ಇನ್ನೊಂದು ಮಾತೂ ಹೇಳ್ತಿದ್ರು ಮೇಡಂ. ಅಂಗಡಿ ಮೇಲೆ ಬೀಗ ಹಾಕಿರೋ ರೂಮಲ್ಲಿ ಮಧ್ಯಾಹ್ನ ಯಾರೋ ಕೆಮ್ತಾರೆ ಅಂತ. ಅದನ್ನೂ ನಾವು ನಂಬ್ಲಿಲ್ಲ."

"ಬಾಗಿಲು ತೆಗೆದು ನೋಡಿದ್ರಾ?" ಎಂದೆ.

"ನೋಡ್ದೆ. ಹಳೇ ಬಟ್ಟೆ ಮೂಟೆ ಬಿಟ್ರೆ ಏನೂ ಇಲ್ಲ. ಆದ್ರೂ ದಿನಾ ಮಧ್ಯಾಹ್ನ ಹೋಗಿ ಮೆಟ್ಟಿಲ ಮೇಲೆ ಕೂತ್ಕೋತೀನಿ. ಈ ಸಲನಾದ್ರೂ ಕೇಳಿಸ್ಕೋಬೇಕಲ್ವಾ?"

ಮಧ್ಯಾಹ್ನವಾಗುತ್ತ ಬಂದಿತ್ತು. ಹೊತ್ತಾಯಿತೆಂದು ಚೀಲ ಎತ್ತಿಕೊಂಡು, ಗುಂಪಿನ ನಡುವೆ ದಾರಿ ಮಾಡಿಕೊಳ್ಳುತ್ತ ಬೇಗ ಬೇಗ ನಡೆದುಬಿಟ್ಟರು.