ಅಜ್ಜಿಯ ಸರದಿ

ನನ್ನ ಅಜ್ಜಿ ಮಸ್ಕತ್ತಿನಲ್ಲಿದ್ದ ತನ್ನ ಮಗನಿಗಾಗಿ ಕ್ಯಾಸೆಟ್ಟಿನಲ್ಲಿ ಹೇಳಿದ ಮಾತನ್ನು ನನ್ನ ದೊಡ್ಡಮ್ಮನ ಮಕ್ಕಳಿಬ್ಬರು ಅಳಿಸಿ ಹಾಕಿದರು. ಅಳಿಸಿಲ್ಲವೆಂದು ಸುಳ್ಳು ಹೇಳಿದರು. ಆ ಸುಳ್ಳನ್ನು ಇಂದಿನವರೆಗೂ ಹಿಂತೆಗೆದುಕೊಂಡಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಹಳೆಯ ಮನೆಯ ನೆನಪು ಬರೆಯುವವರು ಅಡುಗೆಮನೆಯ ಹೊಗೆಯಿಂದ ತೊಡಗಿ, ಸುತ್ತು ಬಳಸಿ, ನಿಧಾನವಾಗಿ ನೋವಿನ ಬಳಿಗೆ ಬರುವುದುಂಟು. ನನಗೆ ಅಷ್ಟು ತಾಳ್ಮೆ ಉಳಿದಿಲ್ಲ.

ಕಳೆದ ತಿಂಗಳು ಮಣಿಪಾಲದಲ್ಲಿ, ನನ್ನ ಸೋದರಮಾವ ಸದಾನಂದ ಮಾವನ ಮಗಳ ಮನೆಯಲ್ಲಿ, ನಾವೆಲ್ಲ ಊಟಕ್ಕೆ ಸೇರಿದ್ದೆವು. ಮಕ್ಕಳು ಯಾವುದೋ ಹೊಸ ಸಾಹಸಚಿತ್ರದ ಎರಡನೆಯ ಭಾಗವನ್ನು ನೋಡಿ ಬಂದು, ಮೊದಲನೆಯದು ಮೇಲೋ ಇದು ಮೇಲೋ ಎಂದು ಏರುದನಿಯಲ್ಲಿ ವಾದಿಸುತ್ತಿದ್ದರು. ಅವರಲ್ಲೊಬ್ಬ ಹುಡುಗ ಶೋಕೇಸಿನಲ್ಲಿ ಅಲಂಕಾರಕ್ಕೆಂದು ಇಟ್ಟಿದ್ದ ಹಳೆಯ ಟೂ-ಇನ್-ಒನ್ ರೇಡಿಯೊ ಟೇಪ್ ರೆಕಾರ್ಡರಿನ ಎರಡು ಗುಂಡಿಗಳನ್ನು ಒಟ್ಟಿಗೆ ಅದುಮಿದ. ಟಕ್ಕೆಂದು ಸದ್ದಾಯಿತು. ನಾನು ತಿರುಗಿ ನೋಡಿದೆ. ಅದೇ ಹೊತ್ತಿಗೆ ನನ್ನ ದೊಡ್ಡಮ್ಮನ ಹಿರಿಯ ಮಗ ದಿನೇಶಣ್ಣ ಮಕ್ಕಳನ್ನು ಕರೆದು ನಗುತ್ತ ಹೇಳಿದರು: "ನಾವು ಕೂಡ ಹೀಗೇ ಸಿನಿಮಾ ನೋಡಿ ಬಂದು ಟೇಪು ಮಾಡಿ ಮಾವನಿಗೆ ಕಳಿಸಿದ್ದು ಉಂಟು. ಅಜ್ಜಿ ಮಾತ್ರ ಎಂತದೂ ಹೇಳಲಿಲ್ಲ. ಟಾಕೀಸಿನಲ್ಲಿ ನಿದ್ದೆ ಅವರಿಗೆ, ಗೊರಕೆ ಬೇರೆ." ಎಲ್ಲರೂ ನಕ್ಕರು. ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಸದಾನಂದ ಮಾವನೂ ನಕ್ಕು, ಹೌದೆಂಬಂತೆ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯೇ ನನ್ನಿಂದ ಇದನ್ನು ಬರೆಸುತ್ತಿದೆ.

ನಮ್ಮ ಅಜ್ಜಿಮನೆ ಕಾಪುವಿನಲ್ಲಿ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ದಾರಿಯಲ್ಲಿತ್ತು. ಹಂಚಿನ ಮಾಡು, ಉದ್ದನೆಯ ಚಾವಡಿ, ಹಿತ್ತಿಲಲ್ಲಿ ಒಣಗಲು ಹಾಕಿದ ಮೀನು, ಅದರ ಮೇಲೆ ಕಣ್ಣಿಟ್ಟ ಕಾಗೆಗಳು. ಕುಚ್ಚಲಕ್ಕಿ ಗಂಜಿಯ ಹಬೆಯ ವಾಸನೆಯೂ ಉಪ್ಪುಗಾಳಿಯೂ ಕೂಡಿ ಆ ಮನೆಗೆ ಅದರದೇ ಆದ ಒಂದು ಉಸಿರು ಇತ್ತು. ಬೇಸಿಗೆಯಲ್ಲಿ ಚಾವಡಿಯ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದರೆ ಅಲೆಗಳ ಸದ್ದು ಕಿವಿಯಲ್ಲಲ್ಲ, ಎಲುಬಿನಲ್ಲಿ ಕೇಳಿಸುತ್ತಿತ್ತು. ನಾನು ಮತ್ತು ಅಮ್ಮ ಅಜ್ಜಿಯ ಜೊತೆ ಅಲ್ಲೇ ಇದ್ದೆವು. ದೊಡ್ಡಮ್ಮನ ಮನೆ ಕಾರ್ಕಳದಲ್ಲಿ. ಅವರ ಹಿರಿಯ ಮಗ ದಿನೇಶಣ್ಣ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದರು, ಕಿರಿಯವನಾದ ಉದಯಣ್ಣ ಹೈಸ್ಕೂಲಿನಲ್ಲಿದ್ದ. ರಜೆ ಬಂತೆಂದರೆ ಇಬ್ಬರೂ ಕಾಪುವಿಗೆ ಬರುತ್ತಿದ್ದರು. ನಮ್ಮ ಮನೆಮಾತು ತುಳು. ಆಡಿದ ಮಾತುಗಳನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಒಂದನ್ನೂ ಹೆಚ್ಚಿಸಿಲ್ಲ, ಒಂದನ್ನೂ ಇಳಿಸಿಲ್ಲ.

ಸದಾನಂದ ಮಾವ ಮಸ್ಕತ್ತಿಗೆ ಹೋಗುವ ಮೊದಲು ಅಜ್ಜಿಯೊಬ್ಬರನ್ನು ಬಿಟ್ಟು ನಮ್ಮನ್ನೆಲ್ಲ ಉಡುಪಿಗೆ ಕರೆದುಕೊಂಡು ಹೋಗಿ ಒಂದು ಇಂಗ್ಲಿಷ್ ಚಿತ್ರ ತೋರಿಸಿದ್ದರು. ಅದರ ನಾಯಕ ಕುತ್ತಿಗೆಗೆ ಹಳದಿ ಶಾಲು ಕಟ್ಟಿಕೊಂಡು ಆಕಾಶದಲ್ಲಿ ಹಾರುವವನು. ಗೋಡೆಗಳಿಗೆ ಅಂಟಿಸಿದ ಜಾಹೀರಾತಿನಲ್ಲಿ ಅವನಿಗೆ ಗಾಳಿವೀರನೆಂದು ಹೆಸರು ಕೊಟ್ಟಿದ್ದರು. ಅಂದು ಮರಳಿ ಬರುವಾಗ ಮಾವ ಒಂದು ಕಟ್ಟಳೆ ಮಾಡಿದರು: ಬಸ್ಸಿನಲ್ಲಿ ಯಾರೂ ಸಿನಿಮಾದ ಮಾತೆತ್ತಬಾರದು. ಮನೆಗೆ ಬಂದು ಕೈಕಾಲು ತೊಳೆದು ಚಾವಡಿಯಲ್ಲಿ ಕುಳಿತ ಮೇಲೆ ಒಬ್ಬೊಬ್ಬರಾಗಿ ಹೇಳಬೇಕು. ಸಣ್ಣವರು ಮೊದಲು, ದೊಡ್ಡವರು ಕೊನೆಗೆ. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಸಣ್ಣವಳು ನಾನು, ವಾರಿಜ. ದೊಡ್ಡವರ ಮನೆಯಲ್ಲಿ ಮೊದಲ ಮಾತು ನನ್ನದಾಗುತ್ತಿದ್ದುದು ಆ ಸರದಿಯಲ್ಲಿ ಮಾತ್ರ. ಮಾವ ಅಂಗೈಯಲ್ಲಿ ಗಲ್ಲವಿಟ್ಟುಕೊಂಡು ನನ್ನ ಮಾತು ಕೇಳಿದ ರೀತಿಯನ್ನು ನಾನು ಮರೆತಿಲ್ಲ.

ಮಾವ ಮೊದಲ ರಜೆಗೆ ಬಂದಾಗ ಆ ಟೂ-ಇನ್-ಒನ್ ತಂದುಕೊಟ್ಟರು. ಪತ್ರಕ್ಕಿಂತ ದನಿ ಬೇಕು ಅವರಿಗೆ. ನಾವು ಕ್ಯಾಸೆಟ್ಟಿನಲ್ಲಿ ಮಾತನಾಡಿ, ಗಲ್ಫಿಗೆ ಹೊರಟವರ ಕೈಯಲ್ಲಿ ಕಳುಹಿಸುವುದು. ಅವರು ಅಲ್ಲಿಂದ ತುಂಬಿಸಿ, ಬರುವವರ ಕೈಯಲ್ಲಿ ಕಳುಹಿಸುವುದು. ಯಂತ್ರದ ಗುಂಡಿ ಒತ್ತುವ ಕೆಲಸ ನನ್ನದಾಗಿತ್ತು. ಅದಾದ ಮೇಲೆ ಮಾವ ಬರಲಿಲ್ಲ. ಮುಂದಿನ ರಜೆಯನ್ನು ಬಿಟ್ಟುಕೊಟ್ಟು ದುಡಿದರು. ಅದರ ಮುಂದಿನದನ್ನೂ ಬಿಟ್ಟರು. ಅಜ್ಜಿ ಕ್ಯಾಸೆಟ್ಟಿನಲ್ಲಿ ಬಾ ಎನ್ನುತ್ತಿರಲಿಲ್ಲ. "ಇಲ್ಲಿ ಎಲ್ಲ ಸೌಖ್ಯ" ಎಂದಷ್ಟೇ ಹೇಳಿ ಸೆರಗಿನಿಂದ ಬಾಯಿ ಒರೆಸಿಕೊಂಡು ಏಳುತ್ತಿದ್ದರು. ಮಗನ ದುಡಿಮೆಗೆ ತನ್ನ ಆಸೆ ಅಡ್ಡ ಬರಬಾರದೆಂಬುದು ಅವರ ಹಟ. ಆದರೆ ಮಧ್ಯಾಹ್ನದ ಬಸ್ಸು ಹೆದ್ದಾರಿಯಲ್ಲಿ ನಿಂತ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಇದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ದಿನೇಶಣ್ಣನಿಗೂ ತಿಳಿದಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಗಾಳಿವೀರನ ಎರಡನೆಯ ಭಾಗ ಉಡುಪಿಗೆ ಬಂತು. ಸುದ್ದಿ ತಿಳಿದ ಮಾವ ಕ್ಯಾಸೆಟ್ಟಿನಲ್ಲಿ ಹೇಳಿಕಳಿಸಿದರು: "ಎಲ್ಲರೂ ನೋಡಿ. ಅಮ್ಮನನ್ನೂ ಕರೆದುಕೊಂಡು ಹೋಗಿ. ನೋಡಿ ಬಂದು ಮೊದಲಿನ ಹಾಗೆಯೇ ಸರದಿಯಲ್ಲಿ ಹೇಳಿ, ನಾನು ಇಲ್ಲಿ ಕೂತು ಕೇಳುತ್ತೇನೆ. ಕೊನೆಗೆ ಅಮ್ಮ ಹೇಳಬೇಕು." ಅಜ್ಜಿ ಅದುವರೆಗೆ ಟಾಕೀಸಿನ ಮೆಟ್ಟಿಲು ಹತ್ತಿದವರಲ್ಲ. ಮಗ ಹೇಳಿದ್ದಾನೆಂಬ ಒಂದೇ ಕಾರಣಕ್ಕೆ ದೇವಸ್ಥಾನಕ್ಕೆ ಉಡುವ ಸೀರೆಯುಟ್ಟು, ಭಾನುವಾರ ಬೆಳಗಿನ ಆಟಕ್ಕೆ ನಮ್ಮೊಡನೆ ಬಂದರು. ನಾನು ಅವರ ಮಗ್ಗುಲಲ್ಲೇ ಕುಳಿತಿದ್ದೆ. ಅವರು ನಿದ್ದೆ ಮಾಡಲಿಲ್ಲ. ಬೆನ್ನು ಕೂಡ ಒರಗಿಸಲಿಲ್ಲ. ಚಿತ್ರದ ನಡುವೆ ಒಂದು ಸಣ್ಣ ದೃಶ್ಯವಿತ್ತು. ಗಾಳಿವೀರನ ಮುದಿ ತಾಯಿ ಮೇಜಿನ ಮೇಲೆ ಎರಡು ತಟ್ಟೆಯಿಟ್ಟು ಕಾಯುತ್ತಿರುತ್ತಾಳೆ. ಅವನು ಮನೆಯ ಮೇಲಿನಿಂದ ಹಾರುತ್ತ ಕಿಟಕಿಯ ಬೆಳಕು ನೋಡುತ್ತಾನೆ, ಒಂದು ಕ್ಷಣ ತಡೆಯುತ್ತಾನೆ, ಮುಳುಗುವ ಹಡಗಿನ ಕಡೆಗೆ ಹೊರಟುಹೋಗುತ್ತಾನೆ. ಆಗ ಅಜ್ಜಿ ನನ್ನ ಮಣಿಕಟ್ಟನ್ನು ಹಿಡಿದವರು ದೀಪ ಹತ್ತುವವರೆಗೂ ಬಿಡಲಿಲ್ಲ.

ಮನೆಗೆ ಬಂದು ಊಟ ಮುಗಿಸಿ ಚಾವಡಿಯಲ್ಲಿ ಕುಳಿತೆವು. ಅಂದು ಸಂಜೆಯ ಒಳಗೆ ಕ್ಯಾಸೆಟ್ಟು ಸಿದ್ಧವಾಗಬೇಕಿತ್ತು. ಮರುದಿನ ಮಸ್ಕತ್ತಿಗೆ ಹೊರಡುವ ಉದ್ಯಾವರದ ಒಬ್ಬರು ಅದನ್ನು ಒಯ್ಯಲು ಬರುವವರಿದ್ದರು. ಒಂದು ಬದಿಯಲ್ಲಿ ಅಮ್ಮ ಆಗಲೇ ಮನೆವಾರ್ತೆ ತುಂಬಿಸಿದ್ದರು. ಉಳಿದ ಬದಿ ನಮ್ಮದು. ನಾನು ಎರಡು ಗುಂಡಿ ಒಟ್ಟಿಗೆ ಅದುಮಿ, ಮೊದಲ ಸರದಿಯವಳಾಗಿ ಹೇಳಿದೆ: ಮೊದಲ ಭಾಗದಲ್ಲಿ ಗಾಳಿವೀರ ಮಳೆಯಲ್ಲಿ ನೆನೆದರೆ ಶಕ್ತಿ ಕಳೆದುಕೊಳ್ಳುತ್ತಿದ್ದ, ಇದರಲ್ಲಿ ಸಮುದ್ರದ ಅಡಿಗೆ ಇಳಿದು ಹಡಗು ಎತ್ತುತ್ತಾನೆ, ಅದು ಹೇಗೆ ಎಂದು ಯಾರೂ ಹೇಳಲಿಲ್ಲ, ಆದ್ದರಿಂದ ಇದು ಮೋಸ. ಅಜ್ಜಿ ಗಟ್ಟಿಯಾಗಿ ನಕ್ಕರು. ಉದಯಣ್ಣ ತನ್ನ ಸರದಿಯಲ್ಲಿ, "ಮಳೆಗೆ ಹೆದರುವವ ನಮ್ಮ ಊರಿಗೆ ಬಂದರೆ ನಾಲ್ಕು ತಿಂಗಳು ಚಾವಡಿಯಲ್ಲೇ ಕೂರಬೇಕು ಮಾರಾಯ್ರೆ, ಗಂಜಿ ಹಾಕುವವರು ಯಾರು?" ಎಂದು ಎಲ್ಲರನ್ನೂ ನಗಿಸಿದ. ದಿನೇಶಣ್ಣ ಮಾತ್ರ ನಗಲಿಲ್ಲ. ಇಂಗ್ಲಿಷು ಬಲ್ಲವರು ಅವರೊಬ್ಬರೇ. ಬಸ್ ಸ್ಟ್ಯಾಂಡಿನವರೆಗೂ ಚಿತ್ರದ ಮಾತುಗಳ ಅರ್ಥ ಬಿಡಿಸುತ್ತ ಬಂದವರು. ನಾನು ಹಿಡಿದ ಆ ತಪ್ಪು ಅವರ ಕಣ್ಣಿಗೆ ಬಿದ್ದಿರಲಿಲ್ಲ. ತನ್ನ ಸರದಿಯಲ್ಲಿ ಖಳನಾಯಕನ ಕಬ್ಬಿಣದ ಕೈ, ಹಾರಾಟದ ಚಿತ್ರೀಕರಣ, ಸಂಗೀತ ಎಂದು ಉದ್ದಕ್ಕೆ ಹೇಳಿದರು. ಮಳೆಯ ಮಾತನ್ನು ಮಾತ್ರ ಮುಟ್ಟದೆ ಮುಗಿಸಿದರು.

ಅಮ್ಮ ತನ್ನದು ಆಚೆ ಬದಿಯಲ್ಲಿ ಆಯಿತೆಂದು ಸರದಿ ಬಿಟ್ಟರು. ಕೊನೆಗೆ ಅಜ್ಜಿ. ಯಂತ್ರವನ್ನು ಅವರ ಮುಂದೆ ಸರಿಸಿದೆ. ಅವರು ಅದರ ಕಡೆ ಬಾಗಿ ಮಾತನಾಡಿದರು.

"ಸದಾನಂದಾ, ಇದು ನಾನು, ಮಗಾ. ಸಿನಿಮಾ ನೋಡಿದೆ. ಹಡಗು ಎತ್ತಿದ್ದು ಒಳ್ಳೆದಾಯ್ತು, ಎಷ್ಟು ಮನೆಯವರು ಬದುಕಿದರು. ಆದರೆ ಆ ಹೆಂಗಸು ಬಟ್ಟಲು ಇಟ್ಟುಕೊಂಡು ಕೂತಿದ್ದಳಲ್ಲ. ದೀಪ ಅವನಿಗೆ ಕಂಡಿದೆ. ಅಷ್ಟು ದೂರ ಹಾರುವವನಿಗೆ ಸ್ವಲ್ಪ ಕೆಳಗೆ ಇಳಿಯಲಿಕ್ಕೆ ಎಂತ ಕಷ್ಟ? ಎರಡು ತುತ್ತು ಉಂಡು ಹೋಗಬಹುದಿತ್ತು. ಕೆಲಸ ಬಿಡು ಎಂದು ಯಾರೂ ಹೇಳುವುದಿಲ್ಲ." ಸೆರಗಿನಿಂದ ಬಾಯಿ ಒರೆಸಿಕೊಂಡರು, ಆದರೆ ಏಳಲಿಲ್ಲ. "ಈ ಸಲ ಮಳೆಗಾಲ ಮುಗಿದ ಮೇಲೆ ನೀನೂ ಒಮ್ಮೆ ಬಾ ಮಗಾ. ನನಗೆ ಕಣ್ಣು ಕಾಣುವಾಗಲೇ ಬಾ."

ಅಮ್ಮ ಮುಖ ತಿರುಗಿಸಿದರು. ಅಷ್ಟು ವರ್ಷ ಗಂಟಲಲ್ಲಿ ಹಿಡಿದಿಟ್ಟ ಮಾತನ್ನು ಅಜ್ಜಿ ಒಂದು ಸಿನಿಮಾದ ನೆವದಲ್ಲಿ ಹೊರಗೆ ಬಿಟ್ಟಿದ್ದರು. ನಾನು ಗುಂಡಿ ಒತ್ತಿ ನಿಲ್ಲಿಸಿದೆ. ಅಜ್ಜಿ ಹಿತ್ತಿಲ ಮೀನು ತಿರುವಿ ಹಾಕಲು ಎದ್ದು ಹೋದರು; ನನ್ನನ್ನು ಅಮ್ಮ ಚಹಾಕ್ಕೆ ಹಾಲು ತರಲು ಕಳುಹಿಸಿದರು.

ಹಾಲು ಹಿಡಿದು ಅಂಗಳಕ್ಕೆ ಕಾಲಿಟ್ಟಾಗ ಒಳಗಿನಿಂದ ದಿನೇಶಣ್ಣನ ದನಿ ಕೇಳಿಸಿತು: "ಮಳೆ ನೀರು ಬೇರೆ, ಸಮುದ್ರದ ನೀರು ಬೇರೆ. ಉಪ್ಪು ಇರುವ ನೀರಿನಲ್ಲಿ ಶಕ್ತಿ ಹೋಗುವುದಿಲ್ಲ. ಇದು ವಿಜ್ಞಾನ. ವಾರಿಜಳಿಗೆ ಗೊತ್ತಿಲ್ಲ." ಯಂತ್ರ ತಿರುಗುತ್ತಿತ್ತು, ದನಿ ತುಂಬಿಸುವ ಕೆಂಪು ಗುಂಡಿ ಒಳಗಿತ್ತು, ಪಕ್ಕದಲ್ಲಿ ಉದಯಣ್ಣ ಕುಳಿತಿದ್ದ. ರೀಲು ಮುಗಿದು ಗುಂಡಿ ತಾನಾಗಿ ಮೇಲೆ ಹಾರಿತು. ಆ ಬದಿಯಲ್ಲಿ ಅಜ್ಜಿಯ ಮಾತಿನ ಆಚೆಗೆ ಅಷ್ಟು ಜಾಗವಿರಲಿಲ್ಲವೆಂದೂ, ರೀಲನ್ನು ಹಿಂದೆ ಸುತ್ತಿ ಅದರ ಮೇಲೆಯೇ ತುಂಬಿಸಿದರೆ ಹಳೆಯ ಮಾತು ಅಳಿಯುತ್ತದೆಂದೂ ನನಗೆ ಗೊತ್ತಿತ್ತು. "ಅಜ್ಜಿಯದ್ದು ಎಲ್ಲಿ?" ಎಂದು ಕೇಳಿದೆ.

"ಉಂಟು. ಆ ಕಡೆಯ ಬದಿಗೆ ಹಾಕಿದ್ದೇನೆ" ಎಂದರು ದಿನೇಶಣ್ಣ.

"ಅದರಲ್ಲಿ ಅಮ್ಮನದ್ದು ತುಂಬಿದೆ. ಹಾಗೆ ಈಚೆಯದನ್ನು ಆಚೆ ಹಾಕಲಿಕ್ಕೆ ಬರುವುದಿಲ್ಲ. ಹಾಕಿ ತೋರಿಸಿ."

"ಬ್ಯಾಟರಿ ಖಾಲಿಯಾಗ್ತದೆ. ನೀನು ಸುಮ್ಮನಿರು."

ನಾನು ಅಮ್ಮನನ್ನು ಕೂಗಿದೆ. ಅಮ್ಮ ಸೌಟು ಹಿಡಿದುಕೊಂಡೇ ಬಂದರು. ಅಷ್ಟರಲ್ಲಿ ಉದ್ಯಾವರದವರು ಬೇಲಿಯ ದಣಪೆಯ ಬಳಿ ಬಂದು ನಿಂತಿದ್ದರು. ಬಸ್ಸಿಗೆ ಹೊತ್ತಾಯಿತೆಂದು ಅಲ್ಲಿಂದಲೇ ಹೇಳಿದರು. ದಿನೇಶಣ್ಣ ಕ್ಯಾಸೆಟ್ಟನ್ನು ತೆಗೆದು ಕಾಗದದಲ್ಲಿ ಸುತ್ತುತ್ತಿದ್ದರು. ನಾನು ಅವರ ಕೈ ಹಿಡಿದೆ. ಅಮ್ಮ ನನ್ನ ಬೆನ್ನಿಗೆ ಒಂದು ಕೊಟ್ಟು ಹೇಳಿದ ಮಾತು ಇದು: "ಅವನು ಇಂಜಿನಿಯರಿಂಗ್ ಓದುವವನು. ಅವನಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತುಂಟಾ?" ಹಿತ್ತಿಲಿನಿಂದ ಬಂದ ಅಜ್ಜಿ, "ನನ್ನದು ಸರಿಯಾಗಿ ಬಂದಿದೆಯಾ ಮಗಾ?" ಎಂದು ಕೇಳಿದರು. "ಬಂದಿದೆ ಅಜ್ಜಿ" ಎಂದರು ದಿನೇಶಣ್ಣ. ಕ್ಯಾಸೆಟ್ಟು ಹೊರಟುಹೋಯಿತು.

ಅಂದಿನಿಂದ ಅಜ್ಜಿ ಉತ್ತರಕ್ಕಾಗಿ ಕಾದರು. ಮಗ ಮಲಗುವ ಕೋಣೆಗೆ ಸುಣ್ಣ ಹೊಡೆಸಿದರು. ಮಳೆಗಾಲ ಮುಗಿಯುತ್ತ ಬಂದಾಗ ಮಾವನ ಕ್ಯಾಸೆಟ್ಟು ಬಂತು. ಅವರು ಸರದಿಯಂತೆ ಎಲ್ಲರಿಗೂ ಉತ್ತರಿಸಿದ್ದರು: ನನ್ನ ಆಕ್ಷೇಪ ಸರಿ ಎಂದಿದ್ದರು, ಉದಯಣ್ಣನ ತಮಾಷೆಗೆ ನಕ್ಕಿದ್ದರು, ದಿನೇಶಣ್ಣನ ಉಪ್ಪುನೀರಿನ ವಿಜ್ಞಾನವನ್ನು ಹೊಗಳಿದ್ದರು. ಆಮೇಲೆ, "ಅಮ್ಮ ಏನೂ ಹೇಳಲಿಲ್ಲ. ಸಿನಿಮಾ ಇಷ್ಟ ಆಗಲಿಲ್ಲ ಅಂತ ಕಾಣ್ತದೆ. ಇರಲಿ. ಈ ವರ್ಷವೂ ರಜೆ ಬಿಡುತ್ತಿದ್ದೇನೆ, ನೀವೆಲ್ಲ ಆರಾಮ ಇದ್ದೀರಲ್ಲ" ಎಂದರು.

"ಅಜ್ಜೀ, ನಿಮ್ಮ ಮಾತು ಹೋಗಲೇ ಇಲ್ಲ. ಅಳಿಸಿದ್ದು ದಿನೇಶಣ್ಣ" ಎಂದೆ. ಆಗ ಅಮ್ಮನಿಗೂ ಅರ್ಥವಾಯಿತು. "ಈಗ ಇನ್ನೊಮ್ಮೆ ಹೇಳಿ ಅಮ್ಮ" ಎಂದು ಯಂತ್ರವನ್ನು ಮುಂದೆ ತಂದಿಟ್ಟರು. ಅಜ್ಜಿ ಅದನ್ನು ಅಂಗೈಯಿಂದ ಮೆಲ್ಲಗೆ ಹಿಂದಕ್ಕೆ ಸರಿಸಿದರು. "ಎಂತ ಹೇಳುವುದು? ಸಿನಿಮಾ ಮುಗಿಯಿತಲ್ಲ" ಎಂದರು. ನೆವ ಕೈತಪ್ಪಿದ ಮೇಲೆ ಬರಿಗೈಯಲ್ಲಿ ಬೇಡುವ ಹೆಂಗಸಲ್ಲ ಅವರು. ಅಮ್ಮ ತಾವಾಗಿಯಾದರೂ ತಿಳಿಸಬಹುದಿತ್ತು; ಅಕ್ಕನ ಮಗನ ಹೆಸರು ಕೆಡುತ್ತದೆಂದು ತಿಳಿಸಲಿಲ್ಲ. ನಾನು ತಿಳಿಸಿಬಿಡುತ್ತೇನೆಂಬ ಭಯಕ್ಕೆ ಆಮೇಲೆ ನನ್ನನ್ನು ಕೆಂಪು ಗುಂಡಿಯ ಹತ್ತಿರ ಬಿಡಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅಜ್ಜಿ ಜ್ವರ ಹಿಡಿದು ಮಲಗಿದವರು ಏಳಲಿಲ್ಲ. ಟೆಲಿಗ್ರಾಂ ತಲುಪಿ ಮಾವ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದೇ ಚಾವಡಿಯಲ್ಲಿ, ನಾವು ಸರದಿಗೆ ಕುಳಿತ ಅದೇ ಜಾಗದಲ್ಲಿ ಕುಳಿತು ಮಾವ ಹೇಳಿದರು: "ಅಮ್ಮ ಒಂದೇ ಒಂದು ಸಲ ಬಾ ಎಂದಿದ್ದರೆ ಕೆಲಸ ಬಿಟ್ಟು ಬರುತ್ತಿದ್ದೆ. ಒಂದು ಸಲವೂ ಹೇಳಲಿಲ್ಲ." ನಾನು ಎದ್ದು ನಿಂತು ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಮಾವ ದಿನೇಶಣ್ಣನ ಕಡೆ ತಿರುಗಿದರು. ದಿನೇಶಣ್ಣ ಕಣ್ಣು ತಗ್ಗಿಸಲಿಲ್ಲ. "ಇವಳು ಸಣ್ಣವಳು ಮಾವ. ಅಜ್ಜಿ ಟಾಕೀಸಿನಲ್ಲಿ ನಿದ್ದೆ ಮಾಡಿದ್ದರು. ಎಂತ ಹೇಳುವುದು ಅವರು?" ಉದಯಣ್ಣ, "ಹೌದು" ಎಂದ. ಅಮ್ಮ ತಲೆ ಎತ್ತಲಿಲ್ಲ. ಮಾವ ನನ್ನನ್ನು ಹತ್ತಿರ ಕರೆದು ತಲೆ ಸವರಿ, "ನನ್ನ ಸಮಾಧಾನಕ್ಕೆ ಹೇಳಿದೆಯಲ್ಲ ಮಗಾ" ಎಂದರು. ಜೀವನದಲ್ಲಿ ನನಗಾದ ಅವಮಾನಗಳು ಹಲವು. ಅಷ್ಟು ಪ್ರೀತಿಯಿಂದ ಮಾಡಿದ ಅವಮಾನ ಇನ್ನೊಂದಿಲ್ಲ.

ಆ ಮನೆ ಈಗ ಇಲ್ಲ. ಪಾಲಾಯಿತು, ಮಾರಾಟವಾಯಿತು, ಕೆಡವಿದರು; ಚಾವಡಿಯಿದ್ದ ಜಾಗದಲ್ಲಿ ಪ್ರವಾಸಿಗರ ಕಾರುಗಳು ನಿಲ್ಲುತ್ತವೆ. ದೊಡ್ಡಮ್ಮ ಇಲ್ಲ, ಅಮ್ಮನೂ ಇಲ್ಲ. ಅಜ್ಜಿಯ ದನಿ ಯಾವ ರೀಲಿನಲ್ಲಿಯೂ ಉಳಿದಿಲ್ಲ. ಅದರ ಏರಿಳಿತವನ್ನು ನಾನು ಮನಸ್ಸಿನಲ್ಲಿ ಮತ್ತೆ ಮತ್ತೆ ನುಡಿಸಿಕೊಳ್ಳುತ್ತೇನೆ, ಪ್ರತಿ ಸಲವೂ ಸ್ವಲ್ಪ ಮಾಸಿದೆಯೇನೋ ಎಂದು ಹೆದರುತ್ತೇನೆ. ಅಂದು ಆ ಮಾತು ಕೇಳಿದವರಲ್ಲಿ ಉಳಿದಿರುವುದು ನಾವು ಮೂವರೇ. ನನ್ನ ಮಾತನ್ನು ಮಾವ ನಂಬುವುದಿಲ್ಲ. ನಂಬದ ಹಾಗೆ ಮಾಡಿದವರು ನೀವು, ದಿನೇಶಣ್ಣ, ಉದಯಣ್ಣ. ಮಾವನಿಗೆ ಈಗ ಮೆಟ್ಟಿಲು ಇಳಿಯಲು ಇನ್ನೊಬ್ಬರ ಕೈ ಬೇಕು. ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಇನ್ನು ಬಹಳ ಕಾಲವಿಲ್ಲ. ತಾಯಿ ತನ್ನನ್ನು ಕರೆದಿದ್ದಳೆಂದು ತಿಳಿಯದೆಯೇ ಅವರು ಹೊರಟುಹೋಗಬೇಕೆ?