ಸೆರಗಿನ ತುದಿಯ ಹಳದಿ ಎಳೆ

ಒಂದು ಕೊಳವೆ ಎಂಜಲು, ತೀರಿಹೋದ ಅಪ್ಪನ ಮೇಲೆ ಅಪವಾದ ಹೊರಿಸುತ್ತದೆಂದು ಗೊತ್ತಿದ್ದರೆ ನಾನದನ್ನು ಕಳಿಸುತ್ತಲೇ ಇರಲಿಲ್ಲ. ಆನ್‌ಲೈನಿನಲ್ಲಿ ವಂಶವೃಕ್ಷ ಬರೆಯುವ ಹುಚ್ಚು ಹತ್ತಿತ್ತು, ಡಿಎನ್‌ಎ ಪರೀಕ್ಷೆಯನ್ನೂ ಮಾಡಿಸಿಬಿಟ್ಟೆ. ಫಲಿತಾಂಶದಲ್ಲಿ ಕಲ್ಯಾಣದುರ್ಗದ ಹೆಂಗಸೊಬ್ಬಳು ಸಿಕ್ಕಳು: 'ಮಲಸಹೋದರಿ ಇರಬಹುದು.' ಹೆಸರೂ ವಯಸ್ಸೂ ಬರೆದಿರಲಿಲ್ಲ.

ಖುಷಿಯಲ್ಲಿ ಅಮ್ಮನಿಗೆ ಜೋರಾಗಿ ಓದಿ ಹೇಳಿಬಿಟ್ಟೆ, ನನ್ನ ಬುದ್ಧಿಗಿಷ್ಟು! ಅಮ್ಮನ ಮಗ್ಗ ಗಕ್ಕನೆ ನಿಂತಿತು. ಪ್ರತಿ ಯುಗಾದಿಗೆ ಮುಂಚೆ ಅಪ್ಪ ಹಿಂದೂಪುರದಿಂದ ಸೀರೆ ಮಾರಲು ಹೋಗುತ್ತಿದ್ದದ್ದು ಕಲ್ಯಾಣದುರ್ಗಕ್ಕೇ.

"ಅಲ್ಲೊಂದು ಮನೆ ಮಡಗಿದ್ದ ಅನ್ನು," ಅಂದಳು. ಅವತ್ತಿನಿಂದ ಅಪ್ಪನ ಫೋಟೋಗೆ ಹೂವಿಲ್ಲ.

ನಾನು ಆ ಹೆಂಗಸಿಗೆ ಅಮ್ಮನ ಹೆಸರು ಬರೆದು ಮೆಸೇಜ್ ಹಾಕಿದೆ. ವಿಳಾಸ ಬಂತು, ಜೊತೆಗೆ ಒಂದೇ ಸಾಲು: ಅಮ್ಮನನ್ನು ಕರಕೊಂಡು ಬನ್ನಿ.

"ಬತ್ತೀನಿ ನಡಿ, ಆ ಮೂದೇವಿ ಮುಖ ನೋಡ್ಬೇಕು!" ಪೆನುಕೊಂಡ ದಾಟುವವರೆಗೂ ಬಸ್ಸಿನಲ್ಲಿ ಅಪ್ಪನಿಗೆ ಬೈಗುಳ.

ಬಾಗಿಲು ತೆಗೆದದ್ದು ಎಪ್ಪತ್ತು ದಾಟಿದ ಮುದುಕಿ. ಅಮ್ಮನದೇ ಮೂಗು, ಅಮ್ಮನದೇ ಗದ್ದ! "ಚೆಲ್ಲೀ ವಚ್ಚಿಂದೇ!" ತಂಗಿ ಬಂದಳೆಂದು ಒಳಗಿದ್ದ ಮಗಳಿಗೆ ತೆಲುಗಿನಲ್ಲಿ ಕೂಗಿದಳು. ಬೇರೆ ಜಾತಿಯವನ ಜೊತೆ ಓಡಿಹೋದಳೆಂದು ಅಜ್ಜಿ ಎಳ್ಳುನೀರು ಬಿಟ್ಟಿದ್ದ ನನ್ನ ದೊಡ್ಡಮ್ಮ! ಎಲ್ಲಿದ್ದಾಳೆಂದೂ ಅಮ್ಮನಿಗೆ ಗೊತ್ತಿರಲಿಲ್ಲ. ಮಗಳ ಬಲವಂತಕ್ಕೆ ಅವಳೂ ಎಂಜಲು ಕೊಟ್ಟಿದ್ದಳಂತೆ.

ಆಗ ನನಗೆ ಹೊಳೆಯಿತು. ಅಮ್ಮ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ದೊಡ್ಡಮ್ಮ ನನಗೆ ಅಮ್ಮನ ಕಡೆಯಿಂದಲೂ ನಂಟು, ಅಪ್ಪನ ಕಡೆಯಿಂದಲೂ ನಂಟು. ಎರಡನ್ನೂ ಕೂಡಿಸಿ ಕಂಪ್ಯೂಟರು ಅವಳನ್ನು ನನ್ನ ಅಕ್ಕನಾಗಿ ಮಾಡಿಬಿಟ್ಟಿತ್ತು. ನಮ್ಮ ಕಡೆಯ ಮದುವೆಗಳು ಅದಕ್ಕೇನು ಗೊತ್ತು, ಪಾಪ!

ಅಳು ನಿಂತ ಮೇಲೆ ಅಮ್ಮ ಕೇಳಿದಳು, "ಮಾಮ ಇಲ್ಲಿಗೆ ಬತ್ತಿದ್ನಾ?"

"ವರ್ಷಕ್ಕೊಂದ್ಸಲ ಬರೋನು ಕಣೇ. ಮನೇಲಿ ನನ್ನ ಹೆಸರು ಎತ್ತಲ್ಲ ಅಂತ ಅವ್ವಂಗೆ ಆಣೆ ಮಾಡಿದ್ನಂತೆ. ಬರಿಗೈಲಿ ಮಾತ್ರ ಬರ್ಲಿಲ್ಲ."

ದೊಡ್ಡಮ್ಮ ಟ್ರಂಕು ತೆಗೆದಳು. ತುಂಬ ರೇಷ್ಮೆ ಸೀರೆ. ಅಮ್ಮ ಒಂದರ ಸೆರಗು ಎಳೆದು ತುದಿ ನೋಡಿದಳು. ತಾನು ನೇಯ್ದ ಸೀರೆಗೆಲ್ಲ ಗುರುತಿಗೆಂದು ಅಲ್ಲಿ ಒಂದೇ ಒಂದು ಹಳದಿ ಎಳೆ ಹಾಕುವುದು ಅವಳ ಅಭ್ಯಾಸ. ಎಳೆ ಇತ್ತು. ಇನ್ನೊಂದರಲ್ಲೂ ಇತ್ತು.

"ಇದು ನಾನು ನೇಯ್ದಿದ್ದು ಅಕ್ಕಾ! ಅಯ್ಯೋ, ಇದೂನು!"

"ಗೊತ್ತು ಕಣೇ. ಪ್ರತಿ ಹಬ್ಬಕ್ಕೂ ನಿನ್ನ ಸೀರೆನೇ ಉಟ್ಟಿದ್ದು."

ಸಂಜೆ ಹಿಂದೂಪುರದಲ್ಲಿ ಇಳಿದ ಕೂಡಲೇ ಆಟೋ ಕರೆಯಲು ಹೋದೆ. ಅಮ್ಮ ನನ್ನ ಕೈ ಹಿಡಿದು ಎಳೆದಳು.

"ಆಟೋ ಆಮೇಲೆ. ಮೊದ್ಲು ಹೂ ತಗೊಳ್ಳೆ. ತಪ್ಪಿಸಿದ ದಿನದ್ದೂ ಸೇರಿಸಿ ತಗೊ."